ಕೋಡಿಗೆ ಅಡ್ಡವಿಟ್ಟ ಕಲ್ಲು

ಮುಪ್ಪಯ್ಯನವರ ಆಶ್ರಮ ಕೆರೆಯ ಏರಿಯ ಪಕ್ಕದಲ್ಲೇ ಇತ್ತು. ಆ ಕೆರೆಯನ್ನು ನೋಡಿದಾಗಲೆಲ್ಲ ಶಿಷ್ಯ ಬೊಪ್ಪನಿಗೆ ದೊರೆಯ ಮೇಲೆ ಅಭಿಮಾನ ಉಕ್ಕುತ್ತಿತ್ತು.

"ಕೆರೆ ಎಲ್ಲಿ ಕಟ್ಟಬೇಕು ಅಂತ ಏಳು ಊರಿನವರು ಮೂವತ್ತು ವರ್ಷ ಜಗಳ ಆಡಿದ್ರು. ದೊರೆ ಬಂದು ಕೋಲು ಊರಿ 'ಇಲ್ಲಿ' ಅಂದ್ರು. ಎರಡೇ ಬೇಸಿಗೇಲಿ ಕೆರೆ ಆಯ್ತು! ಹೇಳೋನು ಒಬ್ಬನೇ ಇದ್ರೆ ಎಷ್ಟು ಚೆಂದ ಅಲ್ವಾ, ಗುರುಗಳೇ?"

"ಹೌದಪ್ಪ. ನಾವೂ ಆ ನೀರನ್ನೇ ಕುಡಿದು ಬದುಕ್ತಾ ಇಲ್ವಾ?" ಎಂದರು ಗುರುಗಳು.

ಆ ವರ್ಷ ದೊರೆಗೆ ಒಂದು ಆಸೆ ಹುಟ್ಟಿತು. ತಾನು ಪಟ್ಟಕ್ಕೇರಿದ ದಿನದ ಹಬ್ಬಕ್ಕೆ ಕೆರೆಯ ನೀರು ದಡದ ಮೇಲಿದ್ದ ತನ್ನ ಮಂಟಪದ ಮೆಟ್ಟಿಲು ಮುಟ್ಟಬೇಕು! ಹೆಚ್ಚಾದ ನೀರು ಹರಿದುಹೋಗುವ ಕೋಡಿಗೆ ಕಲ್ಲು ಅಡ್ಡವಿಡಿಸಿದ. ಆ ಕಲ್ಲುಗಳನ್ನು ಮುಟ್ಟಿದವನ ತಲೆ ಹೋಗುತ್ತದೆ ಎಂದು ಡಂಗುರ ಸಾರಿಸಿ ಬೇಟೆಗೆ ಹೊರಟುಹೋದ.

ಎಂಟು ದಿನ ಬಿಡದೆ ಮಳೆ ಸುರಿಯಿತು.

ಒಂಬತ್ತನೆಯ ದಿನ ಬೆಳಿಗ್ಗೆ, ಕೆರೆಯನ್ನು ನೋಡಿಕೊಳ್ಳುವ ನೀರುಗಂಟಿ ಕೆಂಚಣ್ಣ ಓಡಿಬಂದು ಗುರುಗಳ ಕಾಲು ಹಿಡಿದ.

"ಅಯ್ನೋರೆ, ಏರಿ ಜಿನುಗ್ತಾ ಐತೆ. ಸಂಜೆವರೆಗೆ ನಿಂತ್ರೆ ಹೆಚ್ಚು. ಕೆಳಗೆ ಅರವತ್ತು ಮನೆ ಐತೆ. ಕಲ್ಲು ಕೀಳಾನ ಅಂದ್ರೆ ಕೈ ಬರಾಕಿಲ್ಲ. ನಂಗೂ ಹೆಂಡ್ತಿ ಮಕ್ಕಳು ಅವ್ರೆ."

"ದೊರೆಗೆ ಹೇಳಿ ಕಳಿಸೋಣ," ಎಂದ ಬೊಪ್ಪ.

"ಕಾಡಿಗೆ ಹೋಗಿ ಬರಾಕೆ ಎರಡು ದಿನ ಬೇಕು, ಸ್ವಾಮಿ."

ಗುರುಗಳು ಹಾರೆಯನ್ನು ಹೆಗಲಿಗೇರಿಸಿ ಹೊರಟರು. ಎಪ್ಪತ್ತರ ಮುದುಕರು ಮಧ್ಯಾಹ್ನದ ಹೊತ್ತಿಗೆ ಕಲ್ಲುಗಳನ್ನು ಒಂದೊಂದಾಗಿ ಮೀಟಿ ಉರುಳಿಸಿದರು. ಬೊಪ್ಪ, ಕೆಂಚಣ್ಣ ಇಬ್ಬರೂ ದೂರದಲ್ಲೇ ನಿಂತಿದ್ದರು. ಹೇಳಲು ನಾಚಿಕೆಯಾಗುತ್ತದೆ, ಒಂದು ಕಲ್ಲನ್ನೂ ಮುಟ್ಟಲಿಲ್ಲ.

ನೀರು ಭೋರ್ಗರೆದು ಹಳ್ಳ ಸೇರಿತು. ಊರು ಉಳಿಯಿತು.

ದೊರೆ ಮರಳಿದ. ಗುರುಗಳು ಬೊಪ್ಪನನ್ನು ಕರೆದುಕೊಂಡು ತಾವಾಗಿಯೇ ಆಸ್ಥಾನಕ್ಕೆ ಹೋದರು. ನಡೆದದ್ದನ್ನೆಲ್ಲ ಹೇಳಿ ತಲೆ ಬಾಗಿಸಿ ನಿಂತರು.

ದೊರೆ ಸಿಂಹಾಸನದಿಂದ ಇಳಿದು ಬಂದು ಅವರ ಪಾದ ಮುಟ್ಟಿದ. "ನನ್ನ ಕೆರೆ ಉಳಿಸಿದಿರಿ," ಎಂದು ಕಣ್ಣೀರು ಹಾಕಿದ. ಅದು ಸುಳ್ಳು ಕಣ್ಣೀರೇನಲ್ಲ. ಆಮೇಲೆ ಸಭೆಯ ಕಡೆ ತಿರುಗಿದ.

"ಏರಿ ಒಡೆಯುವ ಹೊತ್ತಲ್ಲಿ ಆ ನೀರುಗಂಟಿ ಕೈಕಟ್ಟಿ ನಿಂತಿದ್ದನೇ? ಎಳೆದು ತನ್ನಿ ಅವನನ್ನು."

"ಪ್ರಭು, ಅವನು ನಿಮ್ಮ ಅಪ್ಪಣೆಯನ್ನೇ ಪಾಲಿಸಿದ," ಎಂದರು ಗುರುಗಳು. ಕೈಮುಗಿದು ಬೇಡಿಕೊಂಡರು. ಅಷ್ಟು ದೊಡ್ಡ ಸಭೆಯಲ್ಲಿ ಇನ್ನೊಬ್ಬರೂ ಬಾಯಿ ಬಿಡಲಿಲ್ಲ.

ಸಂಜೆಯೊಳಗೆ ಕೆಂಚಣ್ಣನ ತಲೆ ಹೋಯಿತು.

ಅವನ ಜಾಗಕ್ಕೆ ದೊರೆ ಬೊಪ್ಪನನ್ನು ನೇಮಿಸಿದ. ಅಂಥ ಗುರುವಿನ ಶಿಷ್ಯನೆಂದು ಗೌರವಿಸಿದನಂತೆ! ಮಂಟಪದ ಆಸೆ ಮಾತ್ರ ಬಿಟ್ಟಿರಲಿಲ್ಲ. ಕೋಡಿಗೆ ಮತ್ತೆ ಕಲ್ಲು ಇಡಿಸಿದ, ಮತ್ತೆ ಅದೇ ಡಂಗುರ ಸಾರಿಸಿದ.

ಮೂರನೆಯ ದಿನ ಮೋಡ ಕಟ್ಟಿತು. ಬೊಪ್ಪ ಗುರುಗಳ ಮುಂದೆ ಕುಸಿದು ಕೂತ.

"ಕಲ್ಲು ಮುಟ್ಟಿದೋನ ತಲೆ ಹೋಗುತ್ತೆ ಅಂತಾರೆ. ಮುಟ್ಟದೇ ಇದ್ದೋನ ತಲೆ ಹೋಗಿದ್ದನ್ನ ಕಣ್ಣಾರೆ ನೋಡಿದೆ. ಕೆರೆ ತುಂಬಿದ ದಿನ ನಾನೇನು ಮಾಡ್ಲಿ, ಗುರುಗಳೇ?"

ಗುರುಗಳು ಅವನ ಬೆನ್ನು ಸವರಿದರು.

"ಕಲ್ಲು ಕೀಳು ಮಗಾ. ನಿನಗೋಸ್ಕರ ಅಳೋಕೆ ಒಂದು ಊರಾದ್ರೂ ಉಳಿದಿರುತ್ತೆ."