ಹುಂಜ ಸುಮ್ಮನಿದ್ದ ಹೊತ್ತು

ಆನೆಯಮ್ಮನ ದೊಡ್ಡ ಅಂಗಡಿಗೆ ತಾಯಿ ಮೊಲವೊಂದು ಮರಿಗಳಿಗಾಗಿ ಗೆಣಸು ಕೊಳ್ಳಲು ಬರುತ್ತಿತ್ತು. ಬಾಗಿಲಲ್ಲೇ ಗಿರಾಕಿ ಕರೆಯುವ ಹುಂಜದ ಕೂಗು, ಒಳಗೆ ಕಣ್ಣು ಕುಕ್ಕುವ ದೀಪ. ಮೊಲ ಕಿವಿ ಮಡಚಿಕೊಂಡು ಬರಿಗೈಯಲ್ಲಿ ಓಡಿಹೋಗುತ್ತಿತ್ತು. ಗೆಣಸು ಹಿಡಿಸಲಿಲ್ಲವೇನೋ ಎಂದುಕೊಂಡ ಆನೆಯಮ್ಮ, ಇನ್ನೂ ಜೋರಾಗಿ ಕೂಗಲು ಹುಂಜಕ್ಕೆ ಹೇಳಿದಳು.

ಮರಿಗಳು ಹಸಿದು ಮಲಗಿದ ಮರುದಿನ ಮೊಲ ಧೈರ್ಯ ಮಾಡಿತು. “ಅಮ್ಮಾ, ನಿಮ್ಮ ಗೆಣಸಿನಲ್ಲಿ ಕುಂದಿಲ್ಲ. ಈ ಗದ್ದಲದಲ್ಲಿ, ಈ ಕಣ್ಣು ಕುಕ್ಕುವ ಬೆಳಕಿನಲ್ಲಿ ಗೆಣಸು ಯಾವುದು, ಕಲ್ಲು ಯಾವುದು ಅಂತಲೇ ನನಗೆ ತಿಳಿಯುವುದಿಲ್ಲ.”

ಆನೆಯಮ್ಮ ನಾಚಿದಳು. “ಇಷ್ಟಗಲ ಕಿವಿಯಿದ್ದೂ ನನಗೆ ಗೊತ್ತಾಗಲಿಲ್ಲವಲ್ಲ, ತಾಯಿ.”

ಅಂದಿನಿಂದ ಬೆಳಗಿನ ಮೊದಲ ಹೊತ್ತು ದೀಪ ತಗ್ಗಿತು, ಕೂಗು ನಿಂತಿತು. ಮೊಲ ಒಂದೊಂದೇ ಗೆಣಸನ್ನು ಮೂಸಿ ಆರಿಸಿಕೊಂಡು, ಆನೆಯಮ್ಮನ ಕಾಲಿಗೆ ಹಣೆ ಮುಟ್ಟಿಸಿತು. “ಮರಿಗಳ ಹೊಟ್ಟೆ ತಣ್ಣಗಾಯಿತು, ಅಮ್ಮಾ.”

ಪಕ್ಕದ ಜೋಳದ ಬುಟ್ಟಿಯ ಬಳಿ ಹುಂಜ ನಿಂತಿತ್ತು. “ನನಗಾಗಿ ಸುಮ್ಮನಿದ್ದೆಯಲ್ಲ ಅಣ್ಣಾ, ನಿನ್ನ ಉಪಕಾರ ಮರೆಯುವುದಿಲ್ಲ,” ಎಂದಿತು ಮೊಲ.

“ಉಪಕಾರ ನಿನ್ನದೇ, ತಂಗಿ,” ಎಂದಿತು ಹುಂಜ. “ಇಷ್ಟು ವರ್ಷ ಜೋಳ ಜೋಳ ಅಂತ ಕೂಗಿದೆ. ಅದರ ರುಚಿ ನೋಡಲು ಬಿಡುವು ಸಿಕ್ಕಿದ್ದು ಇವತ್ತೇ.”