ಗೋಡೆಯ ಬುಡದಲ್ಲಿ ಬಿಟ್ಟ ಒಂದು ಗೇಣು

ಲೋಕ ಆಗಿನ್ನೂ ಹಸಿ. ಬೆಟ್ಟ ಮುಟ್ಟಿದರೆ ಕೈಗೆ ಮಣ್ಣು ಅಂಟುತ್ತಿತ್ತು. ಹೂವು, ಹುಳ, ಗಾಳಿ, ಮನುಷ್ಯ ಎಲ್ಲರೂ ಒಂದೇ ಮಾತಾಡುತ್ತಿದ್ದರು.

ಆ ಕಾಲದಲ್ಲಿ ಹೊಳೆಯ ದಂಡೆಯ ಮೇಲೆ ಕೆಂಚವ್ವ ಎಂಬ ಹೆಂಗಸು ಮಣ್ಣಿನ ಮನೆ ಕಟ್ಟಿಕೊಂಡಿದ್ದಳು. ಹಿತ್ತಲಲ್ಲಿ ಬದನೆ ಹಾಕಿದ್ದಳು. ಕೆಂಚವ್ವನ ಕೆಲಸವೆಂದರೆ ಬಲು ಅಚ್ಚುಕಟ್ಟು. ಗೋಡೆಯಲ್ಲಿ ಇರುವೆ ತೂರುವಷ್ಟು ಬಿರುಕು ಕಂಡರೂ ಅವಳಿಗೆ ಊಟ ಸೇರದು. ಕೆಮ್ಮಣ್ಣು, ಸಗಣಿ ಕಲಸಿ, ಮೆತ್ತಿ, ಸಾರಿಸಿ, ದೂರ ನಿಂತು ನೋಡಿದ ಮೇಲೇ ತುತ್ತು ಗಂಟಲಿಗಿಳಿಯುವುದು.

ಒಂದು ದಿನ ಹಿತ್ತಲ ಗೋಡೆಯ ಬುಡದಲ್ಲಿ ಒಂದು ಜೇನು ತೂತು ಕೊರೆಯುತ್ತಿತ್ತು. ಹೊಟ್ಟೆಯ ಸುತ್ತ ನೀಲಿ ಪಟ್ಟೆ. ಅದಕ್ಕೆ ಗೂಡಿಲ್ಲ, ರಾಣಿಯಿಲ್ಲ, ಜೊತೆಗೆ ದುಡಿಯುವವರಿಲ್ಲ. ಒಂಟಿ ಜೀವ.

"ಏನವ್ವಾ ನೀಲಿ, ನನ್ ಗೋಡೆ ಮೇಲ್ಯಾಕೆ ನಿನ್ ಕಣ್ಣು ಬಿತ್ತು?" ಎಂದಳು ಕೆಂಚವ್ವ.

"ಹೊಳೆ ದಂಡೆ ಪೂರ್ತಿ ಹಸಿ, ಕೆಂಚಕ್ಕಾ. ಮಕ್ಳನ್ನ ಇಡಕ್ಕೆ ಒಣಗಿರೋ ಜಾಗ ಅಂದ್ರೆ ಇದೊಂದೇ. ಏಳು ಕೋಣೆ ಮಾಡ್ತೀನಿ. ಕೋಣೆಗೊಂದು ಮೊಟ್ಟೆ, ಒಂದು ತಂಬಿಟ್ಟು."

"ತಂಬಿಟ್ಟಿಗೆ ಹಿಟ್ಟು?"

"ನಿನ್ ಬದನೆ ಹೂವಿಂದು."

ಕೆಂಚವ್ವ ನಕ್ಕಳು. ಬದನೆ ಹೂವಿನ ಜಿಪುಣತನ ಅವಳಿಗೆ ಗೊತ್ತಿಲ್ಲದ್ದೇ? ಹಿಂದೊಮ್ಮೆ ಅದು ಗಾಳಿಗೆ ಹಿಟ್ಟು ಕೊಟ್ಟಿತ್ತು. ಗಾಳಿ ಅದನ್ನು ಕಂಡಕಂಡಲ್ಲಿ ಚೆಲ್ಲಿತು. ಅಂದಿನಿಂದ ಹೂವು ಹಳದಿ ಮುಷ್ಟಿ ಬಿಗಿಹಿಡಿದು ಕೂತಿತ್ತು. ಚಿಟ್ಟೆ ಕೇಳಿತು, ಕೊಡಲಿಲ್ಲ. ಗೂಡಿನ ಜೇನು ಕೇಳಿತು, ಕೊಡಲಿಲ್ಲ. ಗಿಡದ ತುಂಬ ಹೂವು, ಕಾಯಿ ಒಂದೂ ಇಲ್ಲ. ಈ ವರ್ಷವೇ ಮೊದಲು ಕಾಯಿ ನಿಂತದ್ದು.

"ನಿಂಗೆ ಹೆಂಗೆ ಕೊಡ್ತು?"

"ನಾನು ಕೇಳ್ಲೇ ಇಲ್ಲಕ್ಕಾ. ಹೂವನ್ನ ತಬ್ಬಿಕೊಂಡು ಜೋಗುಳ ಹಾಡ್ದೆ. ಹೂವು ಮುಗಿಯೋವರೆಗೆ ನನ್ ಆಯಸ್ಸು. ಮಕ್ಳು ಹೊರಗೆ ಬರೋದು ಬರೋ ವರ್ಷ. ನಾನು ಅವರ ಮುಖ ನೋಡಲ್ಲ, ಅವರು ನನ್ ಮುಖ ನೋಡಲ್ಲ. ಹಾಡೋದು ಯಾರ ಹತ್ರ? ಹೂವಿನ ಹತ್ರ ಹಾಡ್ದೆ. ಅದರ ಮುಷ್ಟಿ ನಡುಗಿ ಹಿಟ್ಟು ಉದುರ್ತು. ಆ ಹಿಟ್ಟಲ್ಲೇ ಉಂಡೆ ಕಟ್ತೀನಿ. ತಿನ್ನೋವಾಗ ಹಾಡೂ ಒಳಗೆ ಹೋದೀತು ಅಂತ ಒಂದಾಸೆ."

ಕೆಂಚವ್ವನ ನಗು ನಿಂತಿತು.

"ಈ ಒಂದು ಗೇಣು ಮಾತ್ರ ಮೆತ್ತಬೇಡಕ್ಕಾ. ಮಕ್ಳು ಬರೋ ಬಾಗ್ಲು."

"ಮೆತ್ತಲ್ಲ ಕಣವ್ವಾ. ಮಾತು ಕೊಟ್ಟಿದೀನಿ."

ಬದನೆ ಹೂವು ಮುಗಿಯಿತು. ನೀಲಿ ಏಳನೆಯ ಕೋಣೆಗೂ ಬಾಗಿಲು ಹಾಕಿ, ಒಂದು ಒಣಕಡ್ಡಿ ಕಚ್ಚಿಕೊಂಡು ಮಲಗಿತು. ಮತ್ತೆ ಏಳಲಿಲ್ಲ.

ಹಬ್ಬ ಬಂತು. ಹೊಳೆಯಾಚೆಯಿಂದ ಬೀಗರು ಬರುವವರಿದ್ದರು. ಕೆಂಚವ್ವ ಮಣ್ಣು ಕಲಸಿ ಗೋಡೆಯನ್ನು ಮೇಲಿಂದ ಬುಡದವರೆಗೆ ಎರಡು ಬೆರಳು ದಪ್ಪ ಮೆತ್ತಿದಳು. ಮಾತು ಕೊಟ್ಟದ್ದು ಬಾಯಿ. ಕೈಗೆ ಅದರ ನೆನಪೆಲ್ಲಿ? ಬೀಗರು ಗೋಡೆ ನೋಡಿ ಹೊಗಳಿದರು. ಅವಳಿಗೂ ಹಿಗ್ಗಾಯಿತು.

ಮರುವರ್ಷ ಬದನೆ ಮತ್ತೆ ಹೂವಾಯಿತು. ಒಂದು ಕಾಯಿಯೂ ನಿಲ್ಲಲಿಲ್ಲ. ಉದುರಿದ ಹೂವಿನಿಂದ ನೆಲವೆಲ್ಲ ನೇರಳೆ.

"ಯಾಕೆ ಹಿಂಗ್ಮಾಡ್ದೆ?" ಎಂದು ಕೆಂಚವ್ವ ಹೂವನ್ನು ಕೇಳಿದಳು.

"ಹಾಡೋರು ಬರ್ಲಿಲ್ಲ" ಎಂದಿತು ಹೂವು.

ಕೆಂಚವ್ವನಿಗೆ ತಾನು ಕೊಟ್ಟ ಮಾತು ನೆನಪಾಯಿತು. ಓಡಿಹೋಗಿ ಗೋಡೆಗೆ ಕಿವಿಯಿಟ್ಟಳು. ಒಳಗೆ ಎಲ್ಲೋ, ತೀರಾ ಸಣ್ಣಗೆ, ಗುಂಯ್ ಎನ್ನುತ್ತಿತ್ತು.

ಗುದ್ದಲಿ ಹಾಕುವಂತಿಲ್ಲ. ಉಗುರಿನಲ್ಲೇ ಕೆರೆದಳು. ಮೊದಲ ಕೋಣೆಯ ಮರಿ ಬಾಗಿಲವರೆಗೂ ಬಂದು, ಗಟ್ಟಿ ಮಣ್ಣಿಗೆ ತಲೆಯಿಟ್ಟು ಸತ್ತಿತ್ತು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. "ನನ್ ಕೈ ಸೇದೋಗ!" ಎಂದು ಅಳುತ್ತಲೇ ಕೆರೆದಳು. ಆರು ಕೋಣೆಯಲ್ಲೂ ಉಸಿರಿರಲಿಲ್ಲ.

ಏಳನೆಯದರಿಂದ ಒಂದು ಮರಿ ತೆವಳಿಕೊಂಡು ಅವಳ ಅಂಗೈಗೆ ಬಂತು. ರೆಕ್ಕೆ ಕೊಡವಿಕೊಂಡಿತು.

"ನಿಮ್ಮವ್ವ..." ಎಂದಳು ಕೆಂಚವ್ವ.

ಅವ್ವ ಎಂದರೆ ಏನೆಂದು ಆ ಮರಿಗೆ ಗೊತ್ತಿಲ್ಲ. ಅದು ನೆಟ್ಟಗೆ ಬದನೆ ಗಿಡಕ್ಕೆ ಹಾರಿತು. ಹೂವನ್ನು ತಬ್ಬಿಕೊಂಡಿತು. ಹಾಡಿತು. ಅದೇ ಹಾಡು, ಅದೇ ರಾಗ. ಹೂವಿನ ಮುಷ್ಟಿ ನಡುಗಿ ಹಿಟ್ಟು ಉದುರಿತು. ಕೆಂಚವ್ವ ಗೋಡೆಯ ಬುಡದಲ್ಲಿ ಕುಸಿದು ಕೂತು ಮನಸಾರೆ ಅತ್ತಳು.

ಮುಂದಿನ ಹಬ್ಬಕ್ಕೆ ಅವಳು ಮಣ್ಣು ಮೆತ್ತುತ್ತಾ ಬಂದು, ಬುಡದಲ್ಲಿ ಒಂದು ಗೇಣು ಹಾಗೇ ಬಿಟ್ಟಳು.

"ಯಾಕೆ ಕೆಂಚಕ್ಕಾ, ಮಣ್ಣು ಸಾಲ್ದೆ ಬಂತಾ?" ಎಂದು ಬೀಗರು ಚೇಷ್ಟೆ ಮಾಡಿದರು.

"ಮೆಲ್ಲಗೆ ಮಾತಾಡಿ," ಎಂದಳು ಕೆಂಚವ್ವ. "ಅಲ್ಲಿ ಮಕ್ಳು ಮಲಗವ್ರೆ."

ಅದಕ್ಕೇ ಕಂದಾ, ಹಳೇ ಗೋಡೆಯ ಬುಡದ ಸಣ್ಣ ತೂತಿಗೆ ಬೆರಳು ಹಾಕಬಾರದು, ಮಣ್ಣು ತುಂಬಬಾರದು. ಈಗಲೂ ನೀಲಿ ಪಟ್ಟೆಯ ಒಂಟಿ ಜೇನು ಬದನೆ ಹೂವನ್ನು ತಬ್ಬಿಕೊಂಡು ಗುಂಯ್ ಎನ್ನುವುದು ತಾನೆಂದೂ ನೋಡದ ಆ ಮಕ್ಕಳಿಗಾಗಿಯೇ.