ಗಿಟಾರಿನವನು ಮತ್ತು ರೇಡಿಯೊ ರಿಪೇರಿಯವನು

“ಗುರುಗಳೇ, ನಾವು ಪೂಜಿಸುವವರಲ್ಲಿ ತಪ್ಪು ಕಂಡರೆ ಏನು ಮಾಡಬೇಕು? ಹೇಳುವುದು ಭಕ್ತಿಯೋ, ಹೇಳದೆ ಇರುವುದು ಭಕ್ತಿಯೋ?”

ಹೀಗೆ ಕೇಳಿದವನು ಶಂಭುಲಿಂಗ, ಗುರುಗಳ ಬಳಿ ಹನ್ನೊಂದು ವರ್ಷ ಪಾಠ ಕೇಳಿದ ಶಿಷ್ಯ. ಬೆಳಗಿನ ಪಾಠ ಮುಗಿದು ಉಳಿದವರೆಲ್ಲ ಎದ್ದುಹೋದ ಮೇಲೂ ಅವನೊಬ್ಬ ಕುಳಿತೇ ಇದ್ದ. ಗುರುಗಳು ಅವನಿಗೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಿಟಾರ್ ವಾದಕನಿದ್ದ. ಅವನದು ರಾಕ್ ಸಂಗೀತ. ಆ ಊರಿನ ಸಭಾಭವನಗಳು ಅವನಿಗೆ ಬಾಗಿಲು ತೆರೆಯಲಿಲ್ಲ. ರೇಡಿಯೊದವರು ಅವನ ಹೆಸರನ್ನೇ ಕೇಳಿರಲಿಲ್ಲ. ಮುಚ್ಚಿಹೋದ ಹತ್ತಿ ಮಿಲ್ಲಿನ ಗೋದಾಮಿನಲ್ಲಿ ಭಾನುವಾರ ಮಧ್ಯಾಹ್ನ ಅವನು ಬಾರಿಸುತ್ತಿದ್ದ. ಕೇಳಲು ಬರುವವರು ನೂರೈವತ್ತು ಮಂದಿ, ಹೆಚ್ಚೆಂದರೆ ಇನ್ನೂರು. ಪರೀಕ್ಷೆಯಲ್ಲಿ ಫೇಲಾದವರು, ಗ್ಯಾರೇಜಿನವರು, ಪಾಳಿ ಮುಗಿಸಿದ ನರ್ಸುಗಳು, ಮನೆಯಲ್ಲಿ ಯಾರೊಡನೆಯೂ ಮಾತಾಡಲಾಗದವರು. ಅವನ ವಾದ್ಯದ ಅಬ್ಬರ ಹೊರಗಿನವರಿಗೆ ಬರೀ ಗದ್ದಲ. ಇವರಿಗೆ ಮಾತ್ರ, ತಮ್ಮ ಎದೆಯಲ್ಲಿ ಕಟ್ಟಿಕೊಂಡದ್ದನ್ನು ಬೇರೆ ಯಾರೋ ಬಾಯಿಬಿಟ್ಟು ಹೇಳಿದಂತಾಗುತ್ತಿತ್ತು. ಅವನ ಕ್ಯಾಸೆಟ್ಟುಗಳನ್ನು ನಕಲು ಮಾಡಿ ಹಂಚಿಕೊಳ್ಳುತ್ತಿದ್ದರು. ದೂರದ ಊರುಗಳಲ್ಲಿ, ಅವನ ಮುಖವನ್ನೇ ನೋಡದ ಎಷ್ಟೋ ಜನ ಆ ಕ್ಯಾಸೆಟ್ಟು ಹಾಕಿಕೊಂಡು ಗಿಟಾರ್ ಕಲಿತರು.

ಆ ಇನ್ನೂರು ಜನರಲ್ಲಿ ರೇಡಿಯೊ ರಿಪೇರಿ ಮಾಡುವವನೊಬ್ಬನಿದ್ದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ತಂದೆ ತೀರಿಕೊಂಡ ತಿಂಗಳಲ್ಲಿ, ಯಾರದೋ ಜೊತೆ ಮೊದಲ ಸಲ ಗೋದಾಮಿಗೆ ಬಂದಿದ್ದ. ತಿಂಗಳೆಲ್ಲ ಅಳು ಬಾರದೆ ಕಲ್ಲಿನಂತಿದ್ದವನಿಗೆ ಅಂದು ಅಳು ಬಂತು. ಆಮೇಲೆ ಅವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ವಾದಕನ ಹಳೆಯ ಆಂಪ್ಲಿಫೈಯರ್ ಆಗಾಗ ಕೆಡುತ್ತಿತ್ತು. ಅದನ್ನು ನೋಡಿಕೊಳ್ಳುವ ಕೆಲಸವನ್ನು ತಾನೇ ವಹಿಸಿಕೊಂಡ. ಹದಿನೆಂಟು ವರ್ಷ ಅದರ ಪಕ್ಕದಲ್ಲಿ ಕುಳಿತು ಕೇಳಿದ. ಅಷ್ಟು ವರ್ಷದಲ್ಲಿ ಇಬ್ಬರೂ ಆಡಿದ ಮಾತನ್ನೆಲ್ಲ ಕೂಡಿಸಿದರೂ ಒಂದು ಗಂಟೆಯದಾಗದು. ಅಂಥವರ ಎದುರು ತಾನೇನು ಮಾತಾಡುವುದು ಎಂದು ಇವನು ಸುಮ್ಮನಿರುತ್ತಿದ್ದ.

ಹಾಗೆ ಕೇಳತೊಡಗಿದ ಹದಿನೇಳನೆಯ ವರ್ಷದಲ್ಲಿ ಒಂದು ದಿನ ವಾದಕ, “ದನಿ ಸಾಲದು, ಏರಿಸಿ,” ಎಂದ. ಇವನು ಏರಿಸಿದ. ಮುಂದಿನ ವಾರವೂ ವಾದಕ ಹಾಗೆಯೇ ಕೇಳಿದ. ಯಂತ್ರ ಸೋತಿದೆ ಎಂದುಕೊಂಡು ರಿಪೇರಿಯವನು ಅದನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ, ಬಿಚ್ಚಿ, ಒಂದೊಂದು ಬೆಸುಗೆಯನ್ನೂ ನೋಡಿದ. ಎಲ್ಲವೂ ಸರಿಯಾಗಿತ್ತು. ಮತ್ತೆ ಮುಚ್ಚಿ, ಬಹಳ ಹೊತ್ತು ಅದರ ಮುಂದೆ ಕುಳಿತ.

ಕೆಲವು ವಾರಗಳಲ್ಲಿ ಶ್ರುತಿ ತಪ್ಪತೊಡಗಿತು. ಎರಡನೆಯ ತಂತಿ ಕೂದಲೆಳೆಯಷ್ಟು ಇಳಿದಿರುತ್ತಿತ್ತು. ಮೊದಲಾಗಿದ್ದರೆ ಅಷ್ಟಕ್ಕೇ ವಾದಕ ನಿಲ್ಲಿಸಿ, ಬಿರಡೆ ತಿರುಗಿಸಿ ತಂತಿ ಬಿಗಿಯುತ್ತಿದ್ದ. ಈಗ ಇಳಿದ ತಂತಿಯಲ್ಲೇ ಇಡೀ ಮಧ್ಯಾಹ್ನ ಬಾರಿಸಿದ. ರಿಪೇರಿಯವನು ಸುತ್ತ ನೋಡಿದ. ಜನ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಹೊರಗೆ ಬರುವಾಗ ಒಬ್ಬ, “ಇವರೀಗ ಶ್ರುತಿಯನ್ನೇ ದಾಟಿಬಿಟ್ಟರು,” ಎಂದ. ಉಳಿದವರು ಹೌದೆಂದರು. ರಿಪೇರಿಯವನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಆ ಅನುಮಾನ ಅವನಿಗೆ ಹಿತವಾಗಿಯೂ ಇತ್ತು.

ಅಲ್ಲಿಂದ ಮುಂದೆ ವಾದಕ ಪ್ರತಿ ವಾರ ಅವನ ಎದುರು ಬಂದು ನಿಲ್ಲುತ್ತಿದ್ದ. ಅಷ್ಟು ವರ್ಷ ಯಾರನ್ನೂ ಏನೂ ಕೇಳದವನು, “ಹೇಗಿತ್ತು? ನಿಜ ಹೇಳಿ,” ಎಂದು ಕೇಳುತ್ತಿದ್ದ. ಕೇಳಿ ಅವನ ತುಟಿಗಳನ್ನೇ ನೋಡುತ್ತಿದ್ದ.

ಒಮ್ಮೆ ರಿಪೇರಿಯವನು ಧೈರ್ಯ ಮಾಡಿ, “ಆ ಎರಡನೆಯ ತಂತಿ…” ಎಂದು ತೊಡಗಿದ. ಅಷ್ಟರಲ್ಲಿ ಯಾರೋ ಪರವೂರಿನವನು ಬಂದು ವಾದಕನ ಕಾಲಿಗೆ ಬಿದ್ದ. ವಾದಕ ಅವನನ್ನು ಎಬ್ಬಿಸಿ ಕಳಿಸಿ, ಮತ್ತೆ ಇವನ ಕಡೆ ತಿರುಗಿ, “ಎರಡನೆಯ ತಂತಿಗೆ ಏನಾಗಿದೆ?” ಎಂದ.

“ಹೊಸದು ಹಾಕಿದ್ದೀರಾ ಎಂದು ಕೇಳಿದೆ,” ಎಂದ ರಿಪೇರಿಯವನು. “ಚೆನ್ನಾಗಿತ್ತು.”

ವಾದಕ ತಲೆಯಾಡಿಸಿದ. ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದ. ಹೀಗೆ ಒಂದೂವರೆ ವರ್ಷ ಕಳೆಯಿತು. ಆ ಒಂದೂವರೆ ವರ್ಷದಲ್ಲಿ ರಿಪೇರಿಯವನು ಬೇರೆ ಮಾತೇ ಹೇಳಲಿಲ್ಲ.

ಒಂದು ಸಂಜೆ ತರಕಾರಿ ಮಂಡಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಬಹಳ ನಿಧಾನವಾಗಿ ಬರುತ್ತಿತ್ತು. ವಾದಕ ಅದಕ್ಕೆ ಬೆನ್ನು ಮಾಡಿ, ಬಾಗಿ, ಕೈಚೀಲದ ತರಕಾರಿ ಸರಿಮಾಡಿಕೊಳ್ಳುತ್ತಿದ್ದ. ಚಾಲಕ ರೂಢಿಯಂತೆ ಹಾರ್ನ್ ಒತ್ತುತ್ತಲೇ ಇದ್ದ. ದೂರದಲ್ಲಿದ್ದ ಹಮಾಲರು ಕೂಗಿದರು. ಒಬ್ಬ ಓಡಿಬಂದ. ಅವನು ಮುಟ್ಟುವ ಮೊದಲೇ ಲಾರಿ ಮುಟ್ಟಿತ್ತು.

ಮೂರನೆಯ ದಿನ ಗೋದಾಮಿನಲ್ಲಿ ಎಂದೂ ಸೇರದಷ್ಟು ಜನ ಸೇರಿದರು. ದೂರದ ಊರುಗಳಿಂದ ರೈಲಿನಲ್ಲಿ ಬಂದರು. ಎಷ್ಟೋ ಜನ ಅವನ ಮುಖವನ್ನು ಮೊದಲ ಸಲ ನೋಡಿದ್ದು ಗೋಡೆಗೆ ಒರಗಿಸಿದ್ದ ಪಟದಲ್ಲಿ. ಬೆಳೆದ ಗಂಡಸರು ಗೋಡೆಗೆ ಹಣೆ ಹಚ್ಚಿ ಅತ್ತರು. ವಾದಕರ ಹಾಡಿಲ್ಲದಿದ್ದರೆ ತಾನು ಎಂದೋ ಬಾವಿ ಪಾಲಾಗುತ್ತಿದ್ದೆ ಎಂದು ಒಬ್ಬಳು ನರ್ಸು ಹೇಳಿದಳು. ಅದು ಸುಳ್ಳಾಗಿರಲಿಲ್ಲ. ಅಷ್ಟು ಹಾರ್ನ್ ಹೊಡೆದರೂ ಅವರಿಗೆ ಏಕೆ ಕೇಳಿಸಲಿಲ್ಲ ಎಂಬುದಕ್ಕೂ ಅಲ್ಲಿ ಉತ್ತರವಿತ್ತು. ಹೊಸ ಹಾಡೊಂದು ಅವರ ಒಳಗೆ ಮೂಡುತ್ತಿತ್ತು, ಅದರಲ್ಲಿ ಮುಳುಗಿದ್ದರು ಎಂದರು. ಕೇಳಿದವರು ಇನ್ನಷ್ಟು ಅತ್ತರು.

ರಿಪೇರಿಯವನಿಗೆ ಅಳು ಬರಲಿಲ್ಲ. ಅವನು ಅಲ್ಲಿಂದ ಎದ್ದು ವಾದಕನ ಅಕ್ಕನನ್ನು ನೋಡಲು ಹೋದ. ವಾದಕ ಇದ್ದದ್ದು ಅವಳ ಮನೆಯಲ್ಲಿ. ಅವಳು ಇವನನ್ನು ಕೂರಿಸಿ ಒಂದು ಲೋಟ ನೀರು ಕೊಟ್ಟಳು.

“ಅವನಿಗೆ ಎರಡು ವರ್ಷದಿಂದ ಕಿವಿ ಹೋಗುತ್ತಾ ಬಂದಿತ್ತು,” ಎಂದಳು. “ಕೊನೆಕೊನೆಗೆ ಏನೂ ಕೇಳಿಸುತ್ತಿರಲಿಲ್ಲ. ಬಾಯಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದ. ಬಾರಿಸುವುದನ್ನು ಬಿಡಿ, ಕಿವಿಗೆ ಯಂತ್ರ ಹಾಕಿಕೊಳ್ಳಿ, ಇದ್ದಷ್ಟಾದರೂ ಉಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವನು ಒಪ್ಪಲಿಲ್ಲ. ಡಾಕ್ಟರಿಗೆ ನನ್ನ ವಾದ್ಯ ಗೊತ್ತಿಲ್ಲಕ್ಕಾ, ಮಿಲ್ಲಿಗೆ ಬರುವವರಿಗೆ ಗೊತ್ತು, ತಪ್ಪಿದೆ ಎಂದು ಅವರಲ್ಲಿ ಒಬ್ಬರು ಹೇಳಲಿ, ಅಂದೇ ನಿಲ್ಲಿಸುತ್ತೇನೆ ಅಂದ. ಪ್ರತಿ ಭಾನುವಾರ ಮನೆಗೆ ಬಂದು, ಚೆನ್ನಾಗಿತ್ತಂತೆ ಅನ್ನುತ್ತಿದ್ದ. ನನಗೆ ಅದೊಂದೂ ತಿಳಿಯದು. ನಾನೂ ನಿಮ್ಮ ಮಾತನ್ನೇ ನಂಬಿದೆ.” ಆಮೇಲೆ ಅವಳೇ ಕೇಳಿದಳು. “ನಿಜವಾಗಿಯೂ ಚೆನ್ನಾಗಿತ್ತೇನಪ್ಪ?”

“ಇಲ್ಲಕ್ಕಾ.”

“ಎಷ್ಟು ದಿನದಿಂದ?”

“ಒಂದೂವರೆ ವರ್ಷವಾಯಿತು.”

ಅವಳು ಬೈಯಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದಳು. ಅವನು ಹೊತ್ತು ಮುಳುಗುವವರೆಗೂ ಕಾದ. ಅವಳು ಹೊರಗೆ ಬರಲಿಲ್ಲ.

ಮುಂದಿನ ಭಾನುವಾರ ಅವನು ಗೋದಾಮಿಗೆ ಹೋದ. ವಾದಕನ ಕೊನೆಯ ಕ್ಯಾಸೆಟ್ಟು ಹಾಕಿ ಎಲ್ಲರೂ ಸುತ್ತ ಕುಳಿತಿದ್ದರು. ಅವನು ನಡುವೆ ನಿಂತು ಹೇಳಿದ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಈ ತಂತಿ ಇಳಿದಿದೆ, ನನಗೆ ಗೊತ್ತಿತ್ತು, ಅವರು ಕೇಳಿದಾಗಲೂ ನಾನು ಹೇಳಲಿಲ್ಲ ಎಂದ. ಯಾರೂ ಅಲ್ಲವೆನ್ನಲಿಲ್ಲ. ಹಲವರು ತಲೆ ತಗ್ಗಿಸಿದರು. ತಂತಿ ಇಳಿದದ್ದು ಅವರಿಗೂ ಗೊತ್ತಿತ್ತೆಂದು ಅವನಿಗೆ ಆಗ ತಿಳಿಯಿತು. ಹಿಂದೆ ಕುಳಿತವನೊಬ್ಬ, “ಸ್ವಲ್ಪ ಮೆಲ್ಲಗೆ ಮಾತಾಡಿ, ಹಾಡು ನಡೆಯುತ್ತಿದೆ,” ಎಂದ.

ರಿಪೇರಿಯವನು ಹೊರಗೆ ಬಂದ. ಮತ್ತೆಂದೂ ಅಲ್ಲಿಗೆ ಹೋಗಲಿಲ್ಲ. ಎಲ್ಲಿಯೂ ಹಾಡು ಕೇಳಲಿಲ್ಲ. ಅಂಗಡಿಗೆ ಬಂದ ರೇಡಿಯೊ ಸರಿಮಾಡಿ, ದನಿ ಬಂತೆಂದು ತಿಳಿದೊಡನೆ ಆರಿಸಿಬಿಡುತ್ತಿದ್ದ. ಅವನ ಆಯುಷ್ಯ ಹಾಗೆಯೇ ಸವೆಯಿತು. ಈಗಲೂ ಕೆಲವು ಊರುಗಳಲ್ಲಿ ಗಿಟಾರ್ ಬಾರಿಸುವವರು ಮೊದಲು ಎರಡನೆಯ ತಂತಿಯನ್ನು ಕೂದಲೆಳೆಯಷ್ಟು ಇಳಿಸಿಕೊಳ್ಳುತ್ತಾರೆ. ಆ ಪದ್ಧತಿಗೆ ವಾದಕನ ಹೆಸರನ್ನೇ ಇಟ್ಟಿದ್ದಾರೆ.

ಗುರುಗಳು ಕತೆ ಮುಗಿಸಿದರು.

“ಅವನೊಂದು ಮಾತು ಹೇಳಿದ್ದರೆ ಸಾಕಿತ್ತು,” ಎಂದ ಶಂಭುಲಿಂಗ.

“ಹಾಗಾದರೆ ಹೇಳು, ಇಂದಿನ ಪಾಠದಲ್ಲಿ ನಾನು ತಪ್ಪಿದ್ದೆಲ್ಲಿ?” ಎಂದರು ಗುರುಗಳು.

ಶಂಭುಲಿಂಗ ಬಾಯಿ ತೆರೆಯಲಿಲ್ಲ.